ಮದುವೆ ಕೋಟಿನ ಕಪ್ಪು

ಕಪ್ಪು ಬಣ್ಣ ತರಿಸುವುದು ಬಹಳ ಸುಲಭ ಎಂದು ನಾನು ನಂಬಿದ್ದೆ. ಅನ್ನ ತಳ ಹಿಡಿದರೆ ಕಪ್ಪು, ದೀಪದ ಮೇಲೆ ತಟ್ಟೆ ಹಿಡಿದರೆ ಕಪ್ಪು, ನಂಜನಗೂಡಿನ ಬಿಸಿಲಲ್ಲಿ ಛತ್ರಿಯಿಲ್ಲದೆ ಪೇಟೆಗೆ ಹೋಗಿಬಂದರೆ ನಾನೇ ಕಪ್ಪು. ಕೇಳದಿದ್ದರೂ ಬರುವ ಈ ಬಣ್ಣ, ಬೇಕೆಂದು ಕೇಳಿದಾಗ ಎಷ್ಟು ಬಿಗುಮಾನ ಮಾಡುತ್ತದೆಂದು ತಿಳಿದದ್ದು, ಮನೆಗೊಂದು ಇಂಕ್‌ಜೆಟ್ ಪ್ರಿಂಟರ್ ತಂದು, ಹೊಳಪಿನ ಕಾಗದದ ಮೇಲೆ ಕಪ್ಪು-ಬಿಳುಪು ಫೋಟೋ ಪ್ರಿಂಟ್ ಮಾಡಲು ಕೂತ ಮೇಲೆ.

ಫೋಟೋ ನನ್ನ ಸೋದರತ್ತೆಯ ಮದುವೆಯದು. ಅತ್ತೆ, ಮಾವ ಇರುವುದು ತಿ. ನರಸೀಪುರದಲ್ಲಿ. ಮಾವ ಹೈಸ್ಕೂಲು ಮೇಷ್ಟರಾಗಿದ್ದವರು. ಮದುವೆಯಾಗಿ ಐವತ್ತು ವರ್ಷ ತುಂಬುತ್ತದೆಂದು, ಗೋಡೆಗೆ ಹಾಕುವ ಹಾಗೆ ಅದನ್ನು ದೊಡ್ಡದು ಮಾಡಿಕೊಡುವ ಕೆಲಸವನ್ನು ನಾನೇ ಮೈಮೇಲೆ ಎಳೆದುಕೊಂಡೆ. ಅಂಗೈ ಅಗಲದ ಫೋಟೋ. ಕಪ್ಪೆಲ್ಲ ಮಾಸಿ ಕಾಫಿ ಬಣ್ಣಕ್ಕೆ ತಿರುಗಿತ್ತು. ಮಾವನ ಕೋಟು ಎಲ್ಲಿ ಮುಗಿಯುತ್ತದೆ, ಅತ್ತೆಯ ಸೀರೆ ಎಲ್ಲಿ ಶುರುವಾಗುತ್ತದೆ, ದೇವರಿಗೇ ಗೊತ್ತು.

ಆ ಕೋಟಿನ ತಕರಾರು ನಮ್ಮ ಬಳಗಕ್ಕೆಲ್ಲ ಪರಿಚಿತ. ಅತ್ತೆಯ ತಂದೆ, ಅಂದರೆ ನಮ್ಮ ತಾತ, ಅಳಿಯನಾಗುವವನಿಗೆ ಕೋಟು ಹೊಲಿಸಿಕೊಳ್ಳಲೆಂದು ಒಳ್ಳೆಯ ಕರಿ ಬಟ್ಟೆ ಕೊಟ್ಟಿದ್ದರು. ಮಾವ ಧಾರೆಗೆ ತೊಟ್ಟು ನಿಂತದ್ದು ಆ ಬಟ್ಟೆಯ ಕೋಟಲ್ಲ, ಅವರ ಅಣ್ಣನ ಹಳೇ ಕೋಟು ಎಂಬುದು ಅತ್ತೆಯ ಗುಮಾನಿ. ಅಣ್ಣ ಆರಡಿ ಆಳು, ಮಾವ ಅವರ ಭುಜದ ಮಟ್ಟ. ಅಲ್ಲವೇ ಅಲ್ಲ, ತಾತ ಕೊಟ್ಟ ಬಟ್ಟೆಯದೇ ಎಂಬುದು ಮಾವನ ಪಟ್ಟು. ನಗುತ್ತ ಶುರುವಾಗುವ ಮಾತು ಪ್ರತಿಸಲವೂ ಒಂದೇ ಕಡೆ ಹೋಗಿ ನಿಲ್ಲುತ್ತಿತ್ತು. “ನಮ್ಮಪ್ಪ ಕೊಟ್ಟಿದ್ದು ಇವ್ರಿಗೆ ಇಡಿಸ್ಲಿಲ್ಲ ಕಣಪ್ಪ,” ಎಂದು ಅತ್ತೆ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಆಮೇಲೆ ಕಾಫಿ ಬರುತ್ತಿತ್ತು, ಆದರೆ ಯಾರಿಗೂ ರುಚಿಸುತ್ತಿರಲಿಲ್ಲ.

ಮೊದಲ ಪ್ರಿಂಟಿನಲ್ಲಿ, ಒಳಗಿಟ್ಟಿರುವುದು ಹೊಳಪಿನ ಕಾಗದ ಎಂದು ಪ್ರಿಂಟರಿಗೆ ತಿಳಿಸಲು ಮರೆತೆ. ಅದು ಮಾಮೂಲಿ ಕಾಗದವೆಂದುಕೊಂಡು ಕರಿ ಶಾಯಿಯನ್ನು ಧಾರಾಳವಾಗಿ ಬಿಟ್ಟಿತು. ಆ ಶಾಯಿ ಹೊಳಪಿನ ಕಾಗದದೊಳಗೆ ಇಳಿಯುವುದಿಲ್ಲವಂತೆ, ಮೇಲೆಯೇ ಕೂತಿರುತ್ತದಂತೆ. ಒಣಗಿದೆಯೇ ಎಂದು ಸವರಿ ನೋಡಿದೆ. ಮಾವನ ಕೋಟು ನನ್ನ ಬೆರಳಿಗೆ ಬಂತು. ಅದೇ ಬೆರಳಲ್ಲಿ ಮೂಗು ತುರಿಸಿಕೊಂಡು ಹಾಲಿನ ಡೈರಿಗೆ ಹೋದೆ. ಅಲ್ಲಿ ಎಲ್ಲರೂ ನನ್ನನ್ನು ನೋಡಿ ಬಹಳ ವಿಶ್ವಾಸದಿಂದ ನಕ್ಕರು.

ಎರಡನೆಯ ಸಲ ಕಾಗದದ ಜಾತಿಯನ್ನು ಸರಿಯಾಗಿ ಹೇಳಿದೆ. ಆಗ ಪ್ರಿಂಟರ್ ಕರಿ ಶಾಯಿಯನ್ನು ಪಕ್ಕಕ್ಕಿಟ್ಟು, ಉಳಿದ ಮೂರು ಬಣ್ಣಗಳನ್ನು ಬೆರೆಸಿ ಕಪ್ಪು ಮಾಡಲು ಹೊರಟಿತು. ಮೂವರು ಸೇರಿ ಮಾಡಿದ ಸಾರಿನಲ್ಲಿ ಯಾರದಾದರೂ ಕೈ ಮುಂದಾಗಿಯೇ ಆಗುತ್ತದೆ. ಇಲ್ಲಿ ನೀಲಿ, ಹಳದಿಗಳು ಮುಂದಾದವು. ಮನೆಯ ಟ್ಯೂಬ್‌ಲೈಟಿನಲ್ಲಿ ಅದು ಗೊತ್ತಾಗದೆ, ಹೆಮ್ಮೆಯಿಂದ ಸುತ್ತಿಕೊಂಡು ನರಸೀಪುರದ ಬಸ್ಸು ಹತ್ತಿದೆ.

ಅತ್ತೆ ಅದನ್ನು ಜಗುಲಿಯ ಬಿಸಿಲಿಗೆ ಹಿಡಿದರು. “ಅಸ್ರು! ಅಸ್ರು ಕೋಟು! ನಮ್ಮಪ್ಪ ಕೊಟ್ಟಿದ್ದು ಕರೀ ಬಟ್ಟೆ. ನಾನ್ ಏಳ್ತಿರ್ಲಿಲ್ವಾ?”

ಕಪ್ಪು-ಬಿಳುಪು ಫೋಟೋ ಯಾವ ಬಟ್ಟೆಯ ಬಣ್ಣವನ್ನೂ ಹೇಳಲಾರದು, ಇದು ನನ್ನ ಶಾಯಿಯ ಹಸಿರು, ನೋಡಿ ನಿಮ್ಮ ಕೂದಲೂ ಹಸಿರಾಗಿದೆ ಎಂದೆ. “ನನ್ ಕೂದ್ಲ ಇಚಾರ ಬುಡು,” ಎಂದು ಅತ್ತೆ ಒಳಗೆ ಹೋದರು.

ಮಾವ ಬಸ್‌ಸ್ಟ್ಯಾಂಡಿನವರೆಗೂ ಬಂದು ನನ್ನ ತೋಳು ಹಿಡಿದುಕೊಂಡರು. “ನೋಡಯ್ಯ, ಆ ಕೋಟು ಕಪ್ಪಗೆ ಬರ್ಬೇಕು. ನನ್ನ ಮರ್ಯಾದೆ ನಿನ್ನ ಮಿಷಿನ್ ಕೈಲಿದೆ.”

ಹಿಂದಿರುಗುವಾಗ ಡ್ರೈವರಿನ ಮುಂದೆ ಅಂಟಿಸಿದ್ದ ಕೃಷ್ಣನ ಚಿತ್ರವನ್ನೇ ನೋಡುತ್ತ ಕೂತೆ. ಹೆಸರಿನ ಅರ್ಥವೇ ಕಪ್ಪು, ಮೈಬಣ್ಣ ಮಾತ್ರ ನೀಲಿ. ಪಂಡಿತರು ಇದಕ್ಕೆ ಆಕಾಶ, ಸಮುದ್ರ ಎಂದೆಲ್ಲ ಅರ್ಥ ಹೇಳುತ್ತಾರೆ. ನನಗೆ ಬಂದ ಅನುಮಾನವೇ ಬೇರೆ: ಕ್ಯಾಲೆಂಡರ್ ಅಚ್ಚುಹಾಕುವವರಿಗೂ ಕಪ್ಪು ಕೈಕೊಟ್ಟಿರಬೇಕು. ಗರ್ಭಗುಡಿಯ ಕರಿಕಲ್ಲಿನ ಮೂರ್ತಿಗೆ ಈ ತೊಂದರೆಯಿಲ್ಲ. ದೀಪದ ಬೆಳಕು ಕೆನ್ನೆಯ ಮೇಲೆ ಇಷ್ಟೇ ಇಷ್ಟು ಬೀಳುತ್ತದೆ, ಅದರಿಂದ ಉಳಿದದ್ದೆಲ್ಲ ಗಾಢ ಕಪ್ಪಾಗಿ ಕಾಣುತ್ತದೆ. ಹೌದಲ್ಲ, ನಾನು ಶಾಯಿಯ ಮೇಲೆ ಶಾಯಿ ಸುರಿಯುವುದನ್ನು ಬಿಟ್ಟು ಪಕ್ಕದ ಬೂದು ಬಣ್ಣವನ್ನು ವಿಚಾರಿಸಿಕೊಳ್ಳಬೇಕಿತ್ತು ಎನ್ನಿಸಿತು.

ಹಾಗೆಯೇ ಮಾಡಿದೆ. ಕಂಪ್ಯೂಟರಿನಲ್ಲಿ ಹಸಿರನ್ನು ತಗ್ಗಿಸಿದೆ. ಎಲ್ಲಕ್ಕಿಂತ ಕಪ್ಪಾದ ಜಾಗವನ್ನು ತಳ ಮುಟ್ಟುವಷ್ಟು ಇಳಿಸಿ, ಅದರ ಪಕ್ಕದ ಬೂದುಗಳನ್ನು ಒಂದಿಷ್ಟು ಮೇಲೆತ್ತಿದೆ. ಪ್ರಿಂಟ್ ಪೂರ್ತಿ ಒಣಗುವವರೆಗೆ ಕೈ ಕಟ್ಟಿಕೊಂಡು ಕಾದು, ಬಿಸಿಲಿಗೆ ತಂದು ನೋಡಿದೆ. ಕರ್ರಗಿತ್ತು! ಕಾಡಿಗೆಯಂಥ ಕಪ್ಪು. ಒಬ್ಬನೇ ನಿಂತು ಚಪ್ಪಾಳೆ ತಟ್ಟಿಕೊಂಡೆ.

ನರಸೀಪುರದಲ್ಲಿ ಅತ್ತೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. “ಕರ್ರಗೇ ಅದೆ,” ಎಂದರು. ಮಾವನ ಎದೆ ಉಬ್ಬಿತು. ಅಷ್ಟರಲ್ಲಿ ಅತ್ತೆಯ ಬೆರಳು ಕೋಟಿನ ತೋಳಿನ ತುದಿಗೆ ಬಂದು ನಿಂತಿತು.

“ಇದೇನ್ರೀ? ನಿಮ್ ಅಳತೆಗೆ ಒಲ್ದಿದ್ ಕೋಟು ಬೆರಳ್ನೆಲ್ಲ ಮುಚ್ಕಂಡದಲ್ಲಾ?”

ನಾನು ಮೇಲೆತ್ತಿದ ಬೂದು ಮಾಡಿದ ಕೆಲಸವದು. ಇಷ್ಟು ದಿನ ಸೀರೆಯೊಳಗೆ ಕರಗಿಹೋಗಿದ್ದ ತೋಳು ಈಗ ಹೊಲಿಗೆ ಸಮೇತ ಎದ್ದು ಕಾಣುತ್ತಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಮಾವ ಕುರ್ಚಿಯಲ್ಲಿ ಕೂತರು.

“ಅಣ್ಣಂದೇ ಕಣೆ,” ಎಂದರು. “ದರ್ಜಿ ಕೈಕೊಟ್ಟ. ಧಾರೆ ಹೊತ್ತಿನ್ತನಕ ಕಾದೆ, ಕೋಟು ಬರ್ಲಿಲ್ಲ. ನಿಮ್ಮಪ್ಪ ಬಂದು ಈ ತೋಳು ಸವರಿ, ‘ಒಂಚೂರು ಉದ್ದ ಆಯ್ತು, ಆದ್ರೂ ನಾ ಕೊಟ್ ಬಟ್ಟೆ ಲಾಯಕ್ಕಾಗಿ ಅದೆ ಅಳಿಯಂದ್ರೆ’ ಅಂದ್ಬಿಟ್ರು. ಅಷ್ಟು ಖುಷೀಲಿದ್ದೋರಿಗೆ ಏನಂತ ಹೇಳ್ಲಿ? ಅವ್ರಿಗೆ ಹೇಳ್ದೆ ಇದ್ದಿದ್ದು ನಿಂಗೂ ಹೇಳಕ್ಕಾಗ್ಲಿಲ್ಲ.”

“ಮತ್ತೆ ನಮ್ಮಪ್ಪನ್ ಬಟ್ಟೆ?”

“ಆಮೇಲೆ ಬಂತಲ್ಲ. ಸ್ಕೂಲಿಗೆ ಹಾಕ್ಕೊಂಡು ಹೋಗ್ತಿದ್ನಲ್ಲ ಕೋಟು, ಅದೇ. ನಿಮ್ಮಪ್ಪಂದೇ ಅಂದ್ರೂ ನೀನು ನಂಬ್ಲಿಲ್ಲ, ಅಣ್ಣಂದನ್ನೇ ಚಿಕ್ಕದು ಮಾಡಿಸ್ಕೊಂಡಿದೀರಿ ಅಂದೆ.”

ಅತ್ತೆ ಬಾಯಿಗೆ ಸೆರಗು ಹಿಡಿದರು. ಅಳುತ್ತಾರೆಂದು ನಾನು ಹೆದರಿದೆ. ಅವರು ನಗುತ್ತಿದ್ದರು.

“ಅಯ್ಯೋ, ಆ ಕೋಟಾ? ನಿಮ್ಮಣ್ಣಂದು ಅನ್ಕಂಡು ಅರ್ದು, ಪಾತ್ರೆ ಇಳ್ಸಕ್ಕೆ ಮಸಿಬಟ್ಟೆ ಮಾಡ್ಕಬುಟ್ಟೆನಲ್ಲಾ!” ಆಮೇಲೆ ನನ್ನ ಕಡೆ ತಿರುಗಿ, ಕಣ್ಣೊರೆಸಿಕೊಂಡು, “ಎಷ್ಟ್ ವರ್ಸ ಬಾಳಿಕೆ ಬಂತು ಅಂತೀಯ! ನಮ್ಮಪ್ಪ ಆರ್ಸಿದ್ ಬಟ್ಟೆ ಅಲ್ವಾ?” ಎಂದರು.

ಮಾವ ಬಿಟ್ಟ ಉಸಿರು ನನಗೂ ಕೇಳಿಸಿತು. ಆವತ್ತಿನ ಕಾಫಿಯನ್ನು ನಾವು ಎರಡೆರಡು ಲೋಟ ಕುಡಿದೆವು. ಫೋಟೋವನ್ನು ಕಟ್ಟು ಹಾಕಿಸಲು ಹೊರಟಾಗ ಮಾವ ಮೆಲ್ಲಗೆ ನನ್ನ ಹತ್ತಿರ ಬಂದು, ಕೆಳಗಡೆ ಸ್ವಲ್ಪ ಕತ್ತರಿಸಬಹುದೇ ಎಂದು ಕೇಳಿದರು. ಅಡುಗೆಮನೆಯಿಂದಲೇ ಅತ್ತೆಯ ದನಿ ಬಂತು: “ತೋಳು ಒಂಚೂರೂ ಓಗ್‌ಕೂಡ್ದು! ನಮ್ಮಪ್ಪ ಸವರಿದ್ದು ಅದನ್ನೇ.”