ಬುರಾನಸಾಬನ ಹೈಬ್ರಿಡ್ ಗಾಡಿ

ನೇಸರಗಿಯ ಬುರಾನಸಾಬನಂಥ ಡ್ರೈವರ್ ಇನ್ನೊಬ್ಬನಿದ್ದರೆ ತೋರಿಸಿ, ಕಿವಿ ಹಿಡಿದುಕೊಂಡು ಬಸ್ಕಿ ಹೊಡೆಯುತ್ತೇನೆ. ಇಪ್ಪತ್ತು ವರ್ಷ ಅವರಿವರ ಲಾರಿ, ಟೆಂಪೋ, ಸಾಹುಕಾರರ ಜೀಪು ಓಡಿಸಿದ. ಒಂದು ನಾಯಿಗೂ ಗಾಲಿ ತಾಗಿಸಲಿಲ್ಲ, ಕೈ ಮಾಡಿದ ಮುದುಕಿಯನ್ನು ಬಿಸಿಲಲ್ಲಿ ಬಿಟ್ಟು ಹೋಗಲಿಲ್ಲ. ಅಂಥವನು ತೊಂಬತ್ತೆಂಟನೇ ಇಸವಿಯಲ್ಲಿ ತನ್ನದೇ ಒಂದು ಗಾಡಿ ಕೊಳ್ಳಲು ಹೋಗಿ ಟೋಪಿ ಹಾಕಿಸಿಕೊಂಡು ಬಂದನಲ್ಲ, ಅದಕ್ಕೇನು ಹೇಳೋಣ!

ಕಿತ್ತೂರಿನಲ್ಲಿ ಹೈವೇ ಪಕ್ಕದ ದಿಬ್ಬದ ಮೇಲೆ ಆ ಹಳೆಯ ಬಿಳಿ ಕಾರು ನಿಂತಿತ್ತು. ಮಾರುವವನು ಒಳಗೆ ಕೂತು ಬ್ರೇಕ್ ಬಿಟ್ಟ. ಗಾಡಿ ಇಳಿಜಾರಿನಲ್ಲಿ ತಾನೇ ಉರುಳಿತು, ಗೇರು ಬಿತ್ತು, ಎಂಜಿನ್ ಗುಡುಗುಡು ಅಂದಿತು. ಬುರಾನಸಾಬ ಎಂಜಿನ್ ಸದ್ದಿಗೆ ಕಿವಿ ಕೊಟ್ಟ, ಟಾಯರ್ ಒದ್ದು ನೋಡಿದ, ಬಾನೆಟ್ ಮುಟ್ಟಿ ಬಿಸ್ಮಿಲ್ಲಾ ಅಂದ. ಬ್ಯಾಟರಿ ಮಾತ್ರ ನೋಡಲಿಲ್ಲ. ಅದು ಹುಟ್ಟಾ ಪೆಟ್ರೋಲ್ ಗಾಡಿ. ಯಾರೋ ಎಂಜಿನ್ ಕಿತ್ತು ಡೀಸೆಲ್ಲಿಂದು ಕೂರಿಸಿದ್ದರು. ಆದರೆ ಬ್ಯಾಟರಿ ಹಳೇ ಪೆಟ್ರೋಲ್ ಕಾಲದ್ದೇ, ಸಣ್ಣದು, ಮುದಿಯಾದದ್ದು. ಡೀಸೆಲ್ ಎಂಜಿನ್ನನ್ನು ಒಂದು ಸುತ್ತು ತಿರುಗಿಸುವ ತಾಕತ್ತೂ ಅದಕ್ಕಿರಲಿಲ್ಲ.

ಮರುದಿನ ಮನೆ ಮುಂದೆ ಗಾಡಿ ಏಳಲಿಲ್ಲ. ಹೆಂಡತಿ ಬಿಬಿಜಾನ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

"ಇಪ್ಪತ್ತ ವರ್ಷ ಸ್ಟೇರಿಂಗ್ ಹಿಡದವರು, ಗಾಡಿ ದಿಬ್ಬದ ಮ್ಯಾಲ ಯಾಕ ನಿಂತೇತಿ ಅಂತ ನಿಮಗ ಹೊಳೀಲಿಲ್ಲೇನ್ರಿ?"

ಬೀಜದಂಗಡಿಯ ಗಂಗಪ್ಪ ಅದಕ್ಕೆ ಹೆಸರೇ ಇಟ್ಟುಬಿಟ್ಟ. "ಪೆಟ್ರೋಲ್ ಮೈ, ಡೀಸೆಲ್ ಹೊಟ್ಟಿ. ಇದು ಹೈಬ್ರಿಡ್ ಗಾಡಿ ಬಿಡ್ರೋ! ಹೈಬ್ರಿಡ್ ಜ್ವಾಳಧಂಗ, ತೆನಿ ನೋಡಾಕ ಛಂದ, ದನಕ್ಕ ಮೇಯಾಕ ಕಣಿಕಿ ಇಲ್ಲ." ಬುರಾನಸಾಬನೂ ಎಲ್ಲರ ಜೊತೆ ನಕ್ಕ. ಮಾರಿದವನನ್ನು ಒಂದು ದಿನವೂ ಬೈಯಲಿಲ್ಲ. ನಾನಾಗಿದ್ದರೆ ಕಿತ್ತೂರಿಗೆ ಹೋಗಿ ಅವನ ಕೊರಳಪಟ್ಟಿ ಹಿಡಿಯುತ್ತಿದ್ದೆ.

ಇದ್ದ ದುಡ್ಡೆಲ್ಲ ಗಾಡಿಗೇ ಹೋಗಿತ್ತು. ದೊಡ್ಡ ಬ್ಯಾಟರಿ ತರುವ ತನಕ ಏನು ಮಾಡುವುದು? ಗೆಳೆಯ ಶಟ್ಟೆಪ್ಪ ಗೌಂಡಿ ಕೆಲಸದವನು. ಕೇಳುವುದೇ ತಡ, ಕಲ್ಲು ಮಣ್ಣು ಹಾಕಿ ಬುರಾನಸಾಬನ ಮನೆ ಮುಂದೆ ಒಂದು ಇಳಿಜಾರು ಕಟ್ಟಿಕೊಟ್ಟ. ಮುಂಜಾನೆ ಅಲ್ಲಿಂದ ಉರುಳಿಸಿ ಶುರು ಮಾಡಿದರೆ, ಸಂಜೆ ಮತ್ತೆ ಅದರ ಮೇಲೆ ಹತ್ತಿಸಿ ನಿಲ್ಲಿಸುವ ತನಕ ಎಂಜಿನ್ ಬಂದ್ ಮಾಡುವಂತಿಲ್ಲ. ಚಹಾ ಕುಡಿದರೂ ಅದು ಗುಡುಗುಡು, ಮಸೀದಿಯಲ್ಲಿ ನಮಾಜು ಮಾಡಿದರೂ ಹೊರಗೆ ಗುಡುಗುಡು. ಯಾರ ಮನೆಗೆ ಹೋದರೂ ಬಾಗಿಲಲ್ಲೇ ನಿಂತು ಮಾತಾಡಿ ಹೊರಡುವುದೇ ಅವನ ರೂಢಿಯಾಯಿತು.

ಶಟ್ಟೆಪ್ಪನ ಹೆಂಡತಿ ಸೀತವ್ವ ಎಷ್ಟೋ ಸಲ ಊಟಕ್ಕೆ ಕರೆದಳು. ಪ್ರತಿಸಲವೂ ಅವನದು ಒಂದೇ ಮಾತು, "ಎಂಜಿನ್ ಚಾಲೂ ಐತಿ ಅಕ್ಕಾ." ಒಂದು ದಿನ ಅವಳು ತಡೆಯದೆ ಅಂದೇಬಿಟ್ಟಳು:

"ನಮ್ಮ ಓಣಿಗೆ ಬಂದವರು ಉಣ್ಣೂ ಹೊತ್ತಿಗೆ ಏನರೆ ಒಂದು ನೆವಾ ಹೇಳತಾರ ಅಣ್ಣಾ. ಜಾತಿ ಅಂತ ಯಾರೂ ಬಾಯಿ ಬಿಟ್ಟ ಹೇಳೂದಿಲ್ಲ. ನೀವು ಎಂಜಿನ್ ಅಂತೀರಿ."

ಆ ಮಾತು ಬುರಾನಸಾಬನಿಗೆ ಮುಳ್ಳಿನಂತೆ ನಾಟಿತು. ಅವನಿಗೆ ಅಂಥ ಯೋಚನೆ ಕನಸಿನಲ್ಲೂ ಬಂದಿರಲಿಲ್ಲ. ಆದರೆ ಹೇಳಿ ನಂಬಿಸುವುದು ಹೇಗೆ? ಹೊರಗೆ ಎಂಜಿನ್ ಗುಡುಗುಡು ಅನ್ನುತ್ತಲೇ ಇತ್ತು.

ಹತ್ತಿ ಸುಗ್ಗಿಯ ದಿನಗಳು. ಒಂದು ಮಧ್ಯಾಹ್ನ ಶಟ್ಟೆಪ್ಪ ಓಡೋಡಿ ಬಂದ. ಅವನ ಮಗಳು ರೇಣುಗೆ ಸಾಲಿ ಮಾಸ್ತರಿಕೆ ಸಿಕ್ಕಿತ್ತು. ಆದೇಶದ ಟಪಾಲು ಯಾವುದೋ ಊರಿಗೆ ಹೋಗಿ, ಅಲೆದಾಡಿ, ಆಗಷ್ಟೇ ಕೈಗೆ ಬಂದಿತ್ತು. ರಾಮದುರ್ಗದ ಕಚೇರಿಯಲ್ಲಿ ಹಾಜರಾಗಲು ಅವತ್ತೇ ಕಡೇ ದಿನ. ಬಸ್ಸು ಬದಲಿಸುತ್ತ ಹೋದರೆ ಕಚೇರಿ ಬಾಗಿಲು ಹಾಕಿರುತ್ತದೆ, ಕೆಲಸ ಇನ್ನೊಬ್ಬರ ಪಾಲಾಗುತ್ತದೆ.

"ಹತ್ರಿ ಗಾಡಿ," ಅಂದ ಬುರಾನಸಾಬ. ಅಷ್ಟೇ.

ಶಟ್ಟೆಪ್ಪ, ಸೀತವ್ವ, ರೇಣು ಮೂವರೂ ಹತ್ತಿದರು. ಯರಗಟ್ಟಿ ದಾಟಿದ ಮೇಲೆ ರೇಡಿಯೇಟರ್ ಕುದಿಯತೊಡಗಿತು. ಬುರಾನಸಾಬ ಎಂಜಿನ್ ಚಾಲೂ ಇಟ್ಟೇ ರಸ್ತೆ ಬದಿಗೆ ನಿಲ್ಲಿಸಿ, ಶಟ್ಟೆಪ್ಪನ ಜೊತೆ ಹೊಲದ ಬಾವಿಗೆ ನೀರು ತರಲು ಹೋದ. ಗಾಡಿಯಲ್ಲಿ ತಾಯಿ ಮಗಳು ಇಬ್ಬರೇ.

ಸೀತವ್ವ ಒಂದು ಕಡ್ಡಿಯಲ್ಲಿ ಎರಡು ಒಲೆ ಹೊತ್ತಿಸುವ ಹೆಂಗಸು. ನಿಂತ ಗಾಡಿ ಸುಮ್ಮನೆ ಎಣ್ಣೆ ಕುಡಿಯುವುದು ಅವಳಿಂದ ನೋಡಲಾಗಲಿಲ್ಲ. ಪಾಪ, ನಮ್ಮ ಸಲುವಾಗಿ ಈ ಮನುಷ್ಯನ ಎಣ್ಣೆ ಹಾಳಾಗುತ್ತಿದೆಯಲ್ಲ ಅಂದುಕೊಂಡಳು. ಸ್ಟೇರಿಂಗ್ ಕೆಳಗಿನ ಕರೀ ಗುಂಡಿ ಎಳೆದರೆ ಎಂಜಿನ್ ನಿಲ್ಲುತ್ತದೆಂದು ಅವಳು ನೋಡಿ ಬಲ್ಲಳು. ನಿಂತರೆ ಮತ್ತೆ ಏಳುವುದಿಲ್ಲ ಎಂಬ ಮಾತನ್ನು ಮಾತ್ರ ಅವಳು ಬರೀ ನೆವವೆಂದೇ ತಿಳಿದಿದ್ದಳು. ಮುಂದೆ ಬಾಗಿ ಎಳೆದೇಬಿಟ್ಟಳು.

ಸದ್ದು ನಿಂತದ್ದು ಬಾವಿಯ ತನಕ ಕೇಳಿಸಿತು. ಬುರಾನಸಾಬ ಕೊಡ ಅಲ್ಲೇ ಕುಕ್ಕಿ ಓಡಿ ಬಂದ.

"ಎಣ್ಣಿ ಉಳಸೇನಿ ನೋಡ್ರಿ ಅಣ್ಣಾ," ಅಂದಳು ಸೀತವ್ವ, ಮುಖವರಳಿಸಿ.

ಅವನ ನಾಲಿಗೆಯ ತುದಿಗೆ ಬಂದದ್ದು ಏನೋ. ಆ ಮುಖ ನೋಡಿ ನುಂಗಿಕೊಂಡ. "ಛಲೋ ಮಾಡಿದ್ರಿ ಅಕ್ಕಾ. ಅದಕ್ಕೂ ದಣಿವಾಗಿತ್ತು," ಅಂದ. ನೀರು ತಂದು ಹಾಕಿ, ಕೀ ತಿರುಗಿಸಿದ. ಟಿಕ್ ಅಂದಿತು. ಇನ್ನೊಮ್ಮೆ ತಿರುಗಿಸಿದರೆ ಟಿಕ್ ಅನ್ನುವುದನ್ನೂ ಬಿಟ್ಟಿತು.

ಆಗ ಸೀತವ್ವನಿಗೆ ತಿಳಿಯಿತು. "ಅಯ್ಯೋ ನನ್ನ ಕೈ ಸೇದಿಹೋಗ್ಲಿ! ಮಗಳ ಅನ್ನಾ ನಾನs ಕಸಕೊಂಡ್ನಲ್ಲೋ ಯಪ್ಪಾ!" ಎಂದು ಹಣೆ ಬಡಿದುಕೊಂಡಳು.

"ಏ ಅಕ್ಕಾ, ನೀವು ಎಳೀಲಿಲ್ಲಂದ್ರೂ ನೀರ ಹಾಕಾಕ ನಾನs ಎಳೀತಿದ್ದೆ. ಅಳಬ್ಯಾಡ್ರಿ, ಇಳದ ಕೈ ಹಚ್ರಿ," ಅಂದ ಬುರಾನಸಾಬ. ಹಸೀ ಸುಳ್ಳು! ಆ ಗಾಡಿ ಬಂದ ಮೇಲೆ ಅವನು ಹೇಳಿದ ಸುಳ್ಳು ಬಹುಶಃ ಅದೊಂದೇ.

ಬುರಾನಸಾಬ ಸ್ಟೇರಿಂಗ್ ಹಿಡಿದ, ಮೂವರೂ ನೂಕಿದರು. ರಸ್ತೆ ಅಂಗೈಯಷ್ಟು ಸಪಾಟು. ಡೀಸೆಲ್ ಎಂಜಿನ್ ಅಷ್ಟಕ್ಕೆಲ್ಲ ಜಗ್ಗುತ್ತದೆಯೇ? ಬಿಸಿಲು ಪಡುವಣಕ್ಕೆ ವಾಲತೊಡಗಿತ್ತು. ರೇಣು ಟಪಾಲನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಬುರಾನಸಾಬ ಇಳಿದು ಸುತ್ತ ಕಣ್ಣಾಡಿಸಿದ.

ಪಕ್ಕದ ಹೊಲದಲ್ಲಿ ಹೆಂಗಸರು ಹತ್ತಿ ಬಿಡಿಸುತ್ತಿದ್ದರು. ಬುರಾನಸಾಬ ಬದುವಿನ ಮೇಲೆ ನಿಂತು ಕೂಗಿದ, "ಯವ್ವಾರs, ನಮ್ಮ ಹುಡುಗಿ ಟೀಚರ್ ಆಗಾಕ ಹೊಂಟಾಳ. ಗಾಡಿ ನಿಂತೇತಿ. ಕೈ ಮುಗೀತೇನಿ, ಬರ್ರಿ!"

ಅವರ ಮುಂದಾಳು ಕೆಂಪವ್ವ ಸೊಂಟದ ಮೇಲೆ ಕೈಯಿಟ್ಟು ಗಾಡಿಯನ್ನೂ ರೇಣುವನ್ನೂ ನೋಡಿದಳು. "ಬರತೇವಿ. ಖರೆ, ಸಂಜೀಕ ನಾವು ದೂರ ನಡೀಬೇಕು. ಹೊಳ್ಳಿ ಬರೂಮುಂದ ನಮ್ಮನ್ನ ಊರ ಮುಟ್ಟಸ್ತೀಯೇನು?"

"ನನ್ನ ಮಾತು!" ಅಂದ ಬುರಾನಸಾಬ.

ಬಂದರು ನೋಡಿ! ಉಡಿಯ ಹತ್ತಿಯನ್ನು ಇಳಿಸುವಷ್ಟೂ ಪುರುಸೊತ್ತು ಮಾಡಲಿಲ್ಲ. ಹೋ ಎಂದು ನೂಕಿದರು. ಉಡಿ ಸಡಿಲಾಗಿ ಬೆಳ್ಳಗೆ ಹತ್ತಿ ರಸ್ತೆಯುದ್ದಕ್ಕೂ ಚೆಲ್ಲಿತು. ಗಾಡಿ ಓಡಿತು, ಬುರಾನಸಾಬ ಗೇರಿಗೆ ಹಾಕಿದ, ಎಂಜಿನ್ ಕೆಮ್ಮಿತು, ಗುಡುಗಿತು. ಹೆಂಗಸರು ಕೇಕೆ ಹಾಕಿದರು.

ರಾಮದುರ್ಗದ ಕಚೇರಿ ಮುಟ್ಟಿದಾಗ ಸಿಪಾಯಿ ಕಿಟಕಿ ಮುಚ್ಚುತ್ತಿದ್ದ. ರೇಣು ಚಪ್ಪಲಿ ಬಿಟ್ಟು ಓಡಿದಳು. ಹೊರಗೆ ಯಾರೋ ಗಾಡಿ ಬಂದ್ ಮಾಡು ಎಂದು ಗದರಿದರೆ ಬುರಾನಸಾಬ, "ಬೇಕಾದ್ರ ನನ್ನ ಹೊಡೀರಿ ಸಾಹೇಬ್ರ, ಅದೊಂದು ಕೇಳಬ್ಯಾಡ್ರಿ," ಅಂದ. ಕೊನೆಗೆ ರೇಣು ಹೊರಬಂದಳು. ಅಳುತ್ತಿದ್ದಳು, ನಗುತ್ತಿದ್ದಳು. ಶಟ್ಟೆಪ್ಪ ತಲೆಯ ಪಟಕಾ ಬಿಚ್ಚಿ ಕಣ್ಣೊರೆಸಿಕೊಂಡ. ಕೆಲಸ ಆಗಿತ್ತು.

ಬೇರೆಯವನಾಗಿದ್ದರೆ ನೆಟ್ಟಗೆ ಮನೆ ದಾರಿ ಹಿಡಿಯುತ್ತಿದ್ದ. ಬುರಾನಸಾಬ ಕೆಂಪವ್ವನ ಹೊಲದ ಮುಂದೆ ಗಾಡಿ ನಿಲ್ಲಿಸಿದ. ಶಟ್ಟೆಪ್ಪನ ಮನೆಯವರು ಬದುವಿನ ಮೇಲೆ ಕುಳಿತು ಕಾದರು, ಅವನು ಆ ಹೆಂಗಸರನ್ನೆಲ್ಲ ಖೇಪು ಖೇಪಾಗಿ, ಮೂರ್ನಾಲ್ಕು ಸಲ ಓಡಾಡಿ, ಊರು ಮುಟ್ಟಿಸಿ ಬಂದ. ಗಾಡಿಯೊಳಗೆಲ್ಲ ಹತ್ತಿಯೋ ಹತ್ತಿ.

ದೀಪ ಹಚ್ಚುವ ಹೊತ್ತಿಗೆ ಶಟ್ಟೆಪ್ಪನ ಓಣಿಗೆ ಬಂದರು. ಸುದ್ದಿ ಹೇಳುವ ಮೊದಲೇ ಓಣಿಯವರು ರೇಣುವಿನ ಮುಖ ನೋಡಿ ತಿಳಿದುಕೊಂಡು ಸುತ್ತ ಮುಕುರಿದರು. ಸೀತವ್ವ ಕೆಳಗಿಳಿದು ಕಿಟಕಿಯ ಹತ್ತಿರ ನಿಂತಳು. ಅವತ್ತು ಊಟಕ್ಕೆ ಕರೆಯುವ ಧೈರ್ಯ ಅವಳಿಗೆ ಬರಲಿಲ್ಲ. "ದಣದೀರಿ ಅಣ್ಣಾ, ಹೋಗಿ ಬರ್ರಿ," ಅಂದಳು.

ಬುರಾನಸಾಬ ಓಣಿಯತ್ತ ನೋಡಿದ. ಇಳಿಜಾರೂ ಇಲ್ಲ, ದಿಬ್ಬವೂ ಇಲ್ಲ, ಅಂಗಳದಂಥ ನೆಲ. ಕೈ ಚಾಚಿ ಕರೀ ಗುಂಡಿ ಹಿಡಿದು ಎಳೆದ. ಎಂಜಿನ್ ನಿಂತಿತು. ಓಣಿಗೆ ಓಣಿಯೇ ಗಪ್ ಆಯಿತು.

"ಅಯ್ಯೋ ಅಣ್ಣಾ, ಏನ ಮಾಡಿದ್ರಿ! ಮುಂಜಾನೆ ಅದು ಏಳೂದಿಲ್ಲಲ್ರಿ!"

"ಇಷ್ಟ ಮಂದಿ ಇದ್ದೀರಿ, ನೂಕತೀರಲ್ಲ," ಎನ್ನುತ್ತ ಬುರಾನಸಾಬ ಇಳಿದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಹೋಗಿ ಚಕ್ಕಳ ಬಕ್ಕಳ ಹಾಕಿ ಕುಳಿತ. "ಸೀತವ್ವಕ್ಕಾ, ರೊಟ್ಟಿ ಬಡೀರಿ. ಇವತ್ತ ನನಗ ಅವಸರ ಇಲ್ಲ."