ನೀರಿನ ಪಾಳಿಯಲ್ಲಿ ಇಲ್ಲದ ಹೆಸರು

ನನ್ನ ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯಲ್ಲಿ ನಾನು ವೆಲ್ಫೇರ್ ಆಫೀಸರ್. ಅಂದರೆ ಕಾರ್ಮಿಕರ ದೂರು ಕೇಳಿ, ದಾಖಲಿಸಿ, ಬಗೆಹರಿಸುವವನು. ಕೆಲಸ ಹೆಚ್ಚಾಯಿತೆಂಬ ದೂರು ದಿನವೂ ಬರುತ್ತಿತ್ತು. ಕೆಲಸ ಕೊಡುತ್ತಿಲ್ಲವೆಂದು ಬಂದವರು ಶರಣಮ್ಮ ಒಬ್ಬರೇ.

ಬೀದರ್ ಕಡೆಯ ಶರಣಮ್ಮ ಆರು ವರ್ಷದಿಂದ ಪ್ಯಾಕಿಂಗ್ ವಿಭಾಗದಲ್ಲಿದ್ದರು. ಅಲ್ಲಿನ ಹೆಂಗಸರದೊಂದು ರೂಢಿ: ಊಟದ ಮೇಜಿನ ಜಗ್ಗುಗಳಿಗೆ ವಾರಕ್ಕೊಬ್ಬರು ನೀರು ತುಂಬಿಡಬೇಕು. ಆ ಪಾಳಿಯ ಪಟ್ಟಿಯನ್ನು ತಿಂಗಳಿಗೊಮ್ಮೆ ಸೂಪರ್‌ವೈಸರ್ ಪದ್ಮ ಬರೆದು, ಆಫೀಸಿನಲ್ಲಿ ಮಂಜೂರು ಮಾಡಿಸಿ, ಗೋಡೆಗೆ ಅಂಟಿಸುತ್ತಿದ್ದರು.

“ಮೂರು ತಿಂಗಳಾತ್ರಿ ಸರ್, ನನ್ನ ಪಾಳಿನ ಬಂದಿಲ್ಲ,” ಎಂದರು ಶರಣಮ್ಮ.

“ಛಲೋ ಆತಲ್ರಿ, ಆರಾಮ ಇರ್ರಿ,” ಎಂದುಬಿಟ್ಟೆ.

ಅವರು ಏಳಲಿಲ್ಲ. ಮಗಳ ಸ್ಕಾಲರ್‌ಶಿಪ್ ಅರ್ಜಿ ತುಂಬಿಸಲು ಜಾತಿ ಪ್ರಮಾಣಪತ್ರವನ್ನು ಪದ್ಮ ಅವರ ಕೈಗೆ ಕೊಟ್ಟಿದ್ದರಂತೆ. ದಲಿತರೆಂದು ಗೊತ್ತಾದ ಮರುತಿಂಗಳಿಂದಲೇ ಹೆಸರು ಮಾಯ.

ನನಗೆ ತಲೆಬುಡ ತಿಳಿಯಲಿಲ್ಲ. ಯಾರೂ ಬೈದಿಲ್ಲ, ಸಂಬಳ ಹಿಡಿದಿಲ್ಲ, ಏನೆಂದು ದಾಖಲಿಸುವುದು? ಪದ್ಮ ಅವರನ್ನು ಕೇಳಿದರೆ, ಸೊಂಟ ನೋವೆಂದು ವಿಶ್ರಾಂತಿ ಕೊಟ್ಟಿದ್ದೇನೆ ಎಂದರು. ಶರಣಮ್ಮನವರಿಗೆ ಸೊಂಟ ನೋವಿದ್ದದ್ದೂ ನಿಜವೇ. ಹಾಗಾದರೆ ಯಾರನ್ನು ನಂಬಬೇಕು? ಎರಡು ದಿನ ತಲೆ ಕೆಡಿಸಿಕೊಂಡು, ಕೊನೆಗೆ ಮಹಾ ಜಾಣನ ಹಾಗೆ ಶರಣಮ್ಮನವರನ್ನೇ ಬೇರೆ ವಿಭಾಗಕ್ಕೆ ವರ್ಗಾಯಿಸುವ ಆದೇಶ ಟೈಪ್ ಮಾಡಿಸಿದೆ.

“ತಪ್ಪ ಮಾಡಿದವ್ರು ಅಲ್ಲೇ ಕುಂದರತಾರ. ನಾ ಯಾಕ ಎದ್ದ ಹೋಗ್ಬೇಕ್ರಿ?” ಎಂದರು ಶರಣಮ್ಮ, ಆದೇಶ ನೋಡಿ.

ಆದೇಶ ಹರಿದುಹಾಕಿ, ಮೊದಲ ದಿನವೇ ಕೇಳಬೇಕಿದ್ದುದನ್ನು ಆಗ ಕೇಳಿದೆ: “ನಿಮಗೇನು ಬೇಕ್ರಿ?”

“ನನ್ನ ಪಾಳಿ ಬೇಕ್ರಿ. ನಾ ತಂದ ನೀರು ಅವ್ರು ಕುಡೀಬೇಕು.”

ಯಾವಾಗ ಏನಾಯಿತು, ಯಾರು ನೋಡಿದರು ಎಂದು ದೂರನ್ನು ಬರೆಸಿಕೊಂಡು, ಸೀಲು ಹಾಕಿದ ಪ್ರತಿ ಅವರಿಗೆ ಕೊಟ್ಟೆ. ಪೊಲೀಸರಿಗಾಗಲಿ ಮಾನವ ಹಕ್ಕುಗಳ ಆಯೋಗಕ್ಕಾಗಲಿ ಹೋಗುವ ಹಕ್ಕೂ ಇದೆ ಎಂದು ತಿಳಿಸಿದೆ. ಆಮೇಲೆ ಆ ಮೂರು ತಿಂಗಳ ಪಟ್ಟಿಗಳನ್ನು ತೆಗೆಸಿದೆ. ಸೊಂಟ ನೋವಿಗೆ ಕಾರ್ಖಾನೆಯ ದವಾಖಾನೆಯಿಂದಲೇ ಮಾತ್ರೆ ಒಯ್ಯುತ್ತಿದ್ದ ಇನ್ನಿಬ್ಬರ ಹೆಸರು ಅವುಗಳಲ್ಲಿ ಹಾಗೇ ಇತ್ತು. ಶರಣಮ್ಮನವರದು ಮಾತ್ರ ಇರಲಿಲ್ಲ. ಮೂರೂ ಪಟ್ಟಿಗಳ ಕೆಳಗೆ, ಮಂಜೂರು ಮಾಡಿದ ಅಧಿಕಾರಿಯೆಂದು, ನನ್ನ ಸಹಿ ಇತ್ತು.

ನನ್ನದೇ ಸಹಿ ಇದ್ದುದರಿಂದ ವಿಚಾರಣೆಯನ್ನು ಕಾರ್ಖಾನೆಯ ಸಮಿತಿಯೊಂದಕ್ಕೆ ಒಪ್ಪಿಸಿ, ಓದದೆ ಸಹಿ ಹಾಕಿದೆನೆಂದು ಅದರ ಮುಂದೆ ಸಾಕ್ಷಿ ಹೇಳಿದೆ. ಪದ್ಮ ಸೂಪರ್‌ವೈಸರ್ ಹುದ್ದೆ ಕಳೆದುಕೊಂಡರು; ನನಗೂ ಎಚ್ಚರಿಕೆ ಪತ್ರ ಬಂತು. ಮುಂದಿನ ಸೋಮವಾರ ಶರಣಮ್ಮ ಜಗ್ಗುಗಳನ್ನು ತುಂಬಿಟ್ಟರು. ಕೆಲವರು ಕುಡಿದರು. ಮೂವರು ಮನೆಯಿಂದ ಬಾಟಲಿ ತಂದಿದ್ದರು.

‘ಪರಿಹಾರವಾಗಿದೆ’ ಎಂದು ಬರೆದು ಫೈಲು ಮುಚ್ಚಬೇಕೋ ಬೇಡವೋ ತಿಳಿಯದೆ ಶರಣಮ್ಮನವರನ್ನೇ ಕೇಳಿದೆ.

“ಇನ್ನೊಂದ ಪಾಳಿ ಆಗ್ಲಿ, ತಡೀರಿ ಸರ್.”

ತಡೆದೆ. ದೂರು ಮುಗಿಯಿತೆಂದು ಹೇಳಬೇಕಾದವರು ದೂರು ಕೊಟ್ಟವರು ಎಂಬುದನ್ನು ಆ ನೌಕರಿ ನನಗೆ ಅಷ್ಟು ತಡವಾಗಿ ಕಲಿಸಿತು. ನಾನು ನಿವೃತ್ತನಾದ ದಿನವೂ ಆ ಫೈಲು ತೆರೆದೇ ಇತ್ತು. ಆ ಮೂವರಲ್ಲಿ ಒಬ್ಬರು ಇನ್ನೂ ಬಾಟಲಿ ತರುತ್ತಿದ್ದರು.