ಕಡ್ಡಿಪೆಟ್ಟಿಗೆಯ ಇಟ್ಟಂಗಿ

ನಮ್ಮ ಮೊಮ್ಮಗಳಂಥ ಮೊಮ್ಮಗಳು ಮಸ್ಕಿಯಲ್ಲಿ ಮತ್ತೊಬ್ಬಳಿಲ್ಲ. ಎಲ್ಲ ಅಜ್ಜಿಯರೂ ಹೀಗೇ ಹೇಳುತ್ತಾರೆ, ಗೊತ್ತು. ಅವರು ಹೇಳಿಕೊಳ್ಳಲಿ. ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಒಂದು ಸಾಲು ಬರೆಯುವಷ್ಟರಲ್ಲಿ ಮುಂದಿಟ್ಟ ಚಹಾ ಆರಿಹೋಗುತ್ತದೆ. ಆದರೂ ಆ ದಿನದ ಸಂತೋಷ ಇನ್ನೂ ಎದೆಯಲ್ಲಿ ಉಕ್ಕುತ್ತಲೇ ಇದೆ. ಅದನ್ನು ಹೇಳಬೇಕಾದರೆ ಮೊದಲು ಆ ದಿನದ ಭಯವನ್ನೇ ಹೇಳಬೇಕು.

ತೊಂಬತ್ತರ ಆಚೀಚಿನ ಮಾತು. ಮಗಳನ್ನು ಲಿಂಗಸುಗೂರಿಗೆ ಕೊಟ್ಟಿದ್ದೆವು. ಮಗುವನ್ನು ಕರೆದುಕೊಂಡು ನಾಲ್ಕು ದಿನ ಇರಲು ನಮ್ಮಲ್ಲಿಗೆ ಬಂದಿದ್ದಳು. ಅಷ್ಟರಲ್ಲಿ ಅವಳ ನಾದಿನಿಯನ್ನು ನೋಡಲು ಗಂಡಿನವರು ಬರುತ್ತಾರೆಂದು ಲಿಂಗಸುಗೂರಿನಿಂದ ಹೇಳಿಕಳಿಸಿದರು. ಮಗುವಿಗೆ ನೆಗಡಿಯಾಗಿತ್ತು. ಬಸ್ಸಿನ ಗಾಳಿಗೆ ಬೇಡವೆಂದು ನಮ್ಮ ಹತ್ತಿರ ಬಿಟ್ಟು ಹೊರಟಳು. ಅವಳು ಮಗುವನ್ನು ಬಿಟ್ಟು ಹೋದದ್ದು ಅದೇ ಮೊದಲು.

"ಸಂಜಿ ಬಸ್ಸಿಗೆ ಬರ್ತೀನಿ. ಹೆಂಗ ಬಿಟ್ಟು ಹೋಗಾಕತ್ತೀನಿ, ಹಂಗ ಕೈಯಾಗ ಕೊಡಬೇಕು ನೋಡಬೇ," ಎಂದು ನಗುತ್ತಲೇ ಹೇಳಿದಳು.

"ಏ ಹೋಗಬೇ, ನಿನ್ನ ಸಾಕಿದ್ದು ಯಾರು, ಊರ ಗೌಡನೇನು?" ಎಂದೆ ನಾನೂ.

ಮಗುವಿಗೆ ಇನ್ನೂ ಮೂರು ತುಂಬಿರಲಿಲ್ಲ. ಮಾತು ಕಡಿಮೆ. ಏನು ಕೇಳಿದರೂ ತಲೆಯಾಡಿಸಿ "ಹೂಂ" ಅನ್ನುವುದು. ಅವರಪ್ಪ ಹೈದರಾಬಾದಿನಿಂದ ಒಂದು ಡಬ್ಬಿ ಆಟದ ಇಟ್ಟಿಗೆ ತಂದುಕೊಟ್ಟಿದ್ದ. ಕೆಂಪು, ಹಳದಿ, ಬಿಳಿ ಪ್ಲಾಸ್ಟಿಕ್ ಇಟ್ಟಿಗೆಗಳು. ಮೇಲೆ ಸಣ್ಣ ಸಣ್ಣ ಗುಂಡಿಗಳು. ಒಂದರ ಮೇಲೊಂದು ಒತ್ತಿದರೆ ಟಕ್ಕೆಂದು ಕೂಡುತ್ತವೆ. ಡಬ್ಬಿಯೊಳಗೆ ಒಂದೊಂದು ಇಟ್ಟಿಗೆಗೂ ಒಂದೊಂದು ಗೂಡು. ಮಗುವಿಗಿಂತ ಹೆಚ್ಚು ಅದಕ್ಕೆ ಮರುಳಾದವರು ನಮ್ಮ ಮನೆಯವರು. ಅವರು ಗೌಂಡಿ, ಎಂದರೆ ಮನೆ ಕಟ್ಟುವವರು. ಜೀವಮಾನವೆಲ್ಲ ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು, ಮೊಣಕಾಲು ಸೋತು, ಆಗಷ್ಟೇ ಮನೆಯಲ್ಲಿ ಕುಳಿತಿದ್ದರು.

"ಸುಣ್ಣ ಬ್ಯಾಡ, ಸಿಮೆಂಟ್ ಬ್ಯಾಡ, ನೀರು ಹೊಡಿಯೋದಂತೂ ಬ್ಯಾಡೇ ಬ್ಯಾಡ. ಇದು ಮೊದಲ ಬಂದಿದ್ರ ನನ್ನ ಮೊಣಕಾಲು ಉಳೀತಿದ್ವಲ್ಲಲೇ," ಎಂದರು.

"ಉಳದಿದ್ರ ಏನು ಕುಣೀತಿದ್ರಿ?"

ಅವರು ನನಗೆ ಸೋದರತ್ತೆಯ ಮಗ. ಒಂದೇ ಓಣಿಯಲ್ಲಿ ಬೆಳೆದವರು ನಾವು. ಚಿಕ್ಕವರಿದ್ದಾಗ ಖಾಲಿ ಕಡ್ಡಿಪೆಟ್ಟಿಗೆಯ ತಳ ಕಿತ್ತು, ಅದನ್ನೇ ಅಚ್ಚು ಮಾಡಿ, ಒಳಗೆ ಬೂದಿ ಉದುರಿಸಿ, ಮಣ್ಣು ತುಂಬಿ ಇಟ್ಟಂಗಿ ಹೊಯ್ಯುತ್ತಿದ್ದೆವು. ಮಾಳಿಗೆಯ ಮೇಲೆ ಒಣಗಿಸಿ ಮನೆ ಕಟ್ಟುತ್ತಿದ್ದೆವು. ಆ ದಿನ ಪ್ಲಾಸ್ಟಿಕ್ ಇಟ್ಟಿಗೆ ಹಿಡಿದು ಕುಳಿತದ್ದೇ ತಡ, ಇಬ್ಬರಿಗೂ ಅದೇ ನೆನಪು.

"ನಿನ್ನ ಇಟ್ಟಂಗಿ ಎಲ್ಲಾ ಸೀಳಿ ಹೋಗ್ತಿದ್ವು. ಎರಿಮಣ್ಣು ಬ್ಯಾಡಲೇ ಅಂದ್ರ ಕೇಳ್ತಿದ್ದಿಲ್ಲ ನೀನು."

"ಕೆಂಪು ಮಣ್ಣಿನ ಗುಂಪಿ ಮ್ಯಾಲೆ ನೀವಾ ಕುಂತಿರತಿದ್ರಿ. ನಾ ಎಲ್ಲಿಂದ ತರಲಿ?"

ಮಗು ನಮ್ಮಿಬ್ಬರ ಬಾಯಿ ನೋಡುತ್ತಾ ಕುಳಿತಿತ್ತು. ಗೋಡೆ ಎದ್ದಿತು. ಬಾಗಿಲು ಇಡುವ ಹೊತ್ತಿಗೆ ಮನೆಯವರು ಕೈ ತಡೆದರು. "ಚೌಕಟ್ಟು ನಿಲ್ಲಸೋದು ಅಂದ್ರ ಸುಮ್ನ ಆತೇನು? ಅರಿಷಿಣ ಕುಂಕುಮ ತಗೊಂಡು ಬಾ."

"ಪ್ಲಾಸ್ಟಿಕ್ ಮನಿಗೂ ಪೂಜಿನಾ?"

"ಗೌಂಡಿ ನಾನೋ ನೀನೋ?"

ನಮ್ಮ ಕಡೆ ಮನೆ ಕಟ್ಟುವಾಗ ಬಾಗಿಲ ಚೌಕಟ್ಟು ನಿಲ್ಲಿಸುವ ದಿನ ದೊಡ್ಡ ದಿನ. ಚೌಕಟ್ಟಿಗೆ ಅರಿಷಿಣ ಬಳಿದು, ಕಾಳು ಕಟ್ಟಿದ ಹಳದಿ ಬಟ್ಟೆ ಮೇಲೆ ಕಟ್ಟಿ, ಹೊಸ್ತಿಲ ಕೆಳಗೆ ಏನಾದರೂ ಇಟ್ಟ ಮೇಲೆಯೇ ಮುಂದಿನ ಕೆಲಸ. ಮನೆಯವರು ಸಣ್ಣ ಪ್ಲಾಸ್ಟಿಕ್ ಬಾಗಿಲಿಗೆ ಬೆರಳಿನಿಂದ ಅರಿಷಿಣ ಹಚ್ಚಿ, ಮಗುವಿನಿಂದ ಕೈಮುಗಿಸಿದರು. "ಹೊಸ್ತಿಲ ಕೆಳಗ ಏನರ ಇಡಬೇಕವ್ವಾ. ಬರಿಗೈಲೆ ನಿಲ್ಲಿಸಿದ್ರ ಮನಿ ಹಸಕೊಂಡಿರತೈತಿ," ಎಂದರು. ಮಗು "ಹೂಂ" ಅಂದಿತು. ನಾನು ರೊಟ್ಟಿ ಬಡಿಯಲು ಎದ್ದೆ. ಅವರು ಅಲ್ಲೇ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದರು.

ಉಂಡಾದ ಮೇಲೆ ಇಟ್ಟಿಗೆಗಳನ್ನು ಬಿಡಿಸಿ ಡಬ್ಬಿಗೆ ತುಂಬುತ್ತಿದ್ದೆ. ಎಲ್ಲ ಗೂಡು ತುಂಬಿದವು, ಒಂದು ಉಳಿಯಿತು. ಎಲ್ಲಕ್ಕಿಂತ ಸಣ್ಣ ಕೆಂಪು ಇಟ್ಟಿಗೆಯ ಗೂಡು. ಕಡಲೆಕಾಳಿಗಿಂತ ತುಸು ದೊಡ್ಡದು ಅದು. ಚಾಪೆ ಕೊಡವಿದೆ. ಟ್ರಂಕಿನ ಸಂದಿ ನೋಡಿದೆ. ಬಚ್ಚಲ ಮೋರಿಯಲ್ಲಿ ಕೈ ಹಾಕಿದೆ. ಜೋಳದ ಚೀಲವನ್ನೇ ಎಳೆದು ಹಾಕಿದೆ. ಇಲ್ಲ.

ಅದೇ ಹೊತ್ತಿಗೆ ಮಗು ಕೆಮ್ಮಿತು.

ನೆಗಡಿಯ ಕೆಮ್ಮೇ ಇರಬೇಕು. ಬೆಳಗಿನಿಂದಲೂ ಕೆಮ್ಮುತ್ತಿತ್ತು. ಆದರೆ ಈ ಸಲದ ಕೆಮ್ಮು ನನ್ನ ಕಿವಿಗೆ ಬೇರೆಯೇ ಕೇಳಿಸಿತು. ಮಗುವಿನ ಮುಂದೆ ಕುಕ್ಕರಿಸಿ ಕುಳಿತು ಕೇಳಿದೆ: "ಕೆಂಪು ಇಟ್ಟಂಗಿ ಬಾಯಾಗ ಹಾಕ್ಕೊಂಡೇನವ್ವಾ?"

"ಹೂಂ."

"ನುಂಗಿದೇನು?"

"ಹೂಂ."

ನಾನು ಮನೆಯವರನ್ನು ಕೂಗಿದೆ. ಮನೆಯವರು ಮಗುವನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಬೆನ್ನು ತಟ್ಟಿದರು. ಮಗು ಆಟವೆಂದು ನಕ್ಕಿತು, ನಗುತ್ತಾ ಮತ್ತೆ ಕೆಮ್ಮಿತು, ಕೆಮ್ಮುತ್ತಾ ಮುಖ ಕೆಂಪಾಯಿತು. ಅವರು ತಟ್ಟುವುದನ್ನು ನಿಲ್ಲಿಸಿ, ರುಮಾಲು ಹೆಗಲಿಗೆ ಹಾಕಿ ಎದ್ದುಬಿಟ್ಟರು. "ಸಿಂಧನೂರಿಗೆ ನಡಿ. ಕೂಸಿನ ಡಾಕ್ಟರು ಅಲ್ಲಿ ಅದಾರ. ಆ ಡಬ್ಬಿನೂ ತಗೋ, ಎಷ್ಟು ದೊಡ್ಡದು ಅಂತ ಕೇಳಿದ್ರ ತೋರಸಾಕ ಬೇಕು."

ಎದುರಿನ ಕಿರಾಣಿ ಅಂಗಡಿಯ ಭಾಯ್ ನಮ್ಮ ಓಟ ನೋಡಿ ಅಂಗಡಿಯಿಂದಲೇ ಕೂಗಿದರು. "ಏನಾತು ಮೇಸ್ತ್ರಿ?"

"ಕೂಸು ಆಟದ ಸಾಮಾನು ನುಂಗಿದಂಗೈತಿ ಭಾಯ್. ಮಗಳು ಬಂದ್ರ ಹಂಗ ಅನ್ನಬ್ಯಾಡ್ರಿ. ನೆಗಡಿಗೆ ತೋರಸಾಕ ಹೋಗ್ಯಾರ ಅನ್ರಿ."

ಬಸ್ಸು ಸಿಕ್ಕಿತು, ಆದರೆ ಅದು ಬಸ್ಸೇ ಅಲ್ಲ, ಎತ್ತಿನ ಗಾಡಿ. ಕೈ ಮಾಡಿದವರಿಗೆಲ್ಲ ನಿಂತಿತು. ಭತ್ತದ ಚೀಲ ಮೇಲೇರಿಸುವ ತನಕ ನಿಂತಿತು. ನಾನು ಮಗುವಿನ ಎದೆಗೆ ಕಿವಿ ಹಚ್ಚಿ ಕುಳಿತಿದ್ದೆ. ಒಳಗೆ ಬೆಕ್ಕಿನ ಮರಿ ಗುರುಗುಟ್ಟಿದಂತೆ ಸದ್ದು. ಹೊರಗೆ ಕಾಲುವೆಯ ನೀರು, ಹಸಿರು ಗದ್ದೆ. ಮಗು ಕೈ ತೋರಿಸಿ ಏನೋ ಅನ್ನುತ್ತಿತ್ತು. ನಾನು ಏನೂ ನೋಡಲಿಲ್ಲ. ಸಂಜೆ ಬಸ್ಸಿಳಿದು ಬರುವ ಮಗಳ ಮುಖವೊಂದೇ ಕಣ್ಣ ಮುಂದೆ.

ಡಾಕ್ಟರು ವಯಸ್ಸಿನಲ್ಲಿ ಸಣ್ಣವರು, ಮಾತಿನಲ್ಲಿ ನಿಧಾನ. ಎದೆಗೆ ಬೆನ್ನಿಗೆ ಸ್ಟೆತಸ್ಕೋಪು ಇಟ್ಟು ಕೇಳಿದರು. ಡಬ್ಬಿಯಲ್ಲಿದ್ದ ಸಣ್ಣ ಹಳದಿ ಇಟ್ಟಿಗೆಯನ್ನು ಬೆರಳಲ್ಲಿ ಹಿಡಿದು ನೋಡಿದರು.

"ಹೊಟ್ಟಿಗೆ ಹೋಗಿದ್ರ ತಾನಾ ಹೋಗತೈತ್ರಿ, ಅಂಜಬ್ಯಾಡ್ರಿ. ಉಸಿರಿನ ಕೊಳವಿಗೆ ಹೋಗಿದ್ರ ಹಂಗ ಬಿಡಾಕ ಬರಂಗಿಲ್ಲ. ಎದಿಯಾಗ ಸದ್ದೈತಿ. ಅದು ನೆಗಡಿದೂ ಇರಬಹುದು."

"ಎಕ್ಸ್‌ರೇ ತಗೀರಿ ಸಾಹೇಬ್ರ," ಎಂದರು ಮನೆಯವರು.

"ಪ್ಲಾಸ್ಟಿಕ್ ಅದರಾಗ ಕಾಣಂಗಿಲ್ರಿ. ರಾಯಚೂರಿಗೆ ಒಯ್ಯಬೇಕು. ಕೂಸಿಗೆ ಎಚ್ಚರ ತಪ್ಪಿಸಿ, ಗಂಟಲಾಗ ನಳಿಗಿ ಇಳಿಸಿ ನೋಡ್ತಾರ. ನಾ ಚೀಟಿ ಬರದು ಜೀಪು ಕರಿಸ್ತೀನಿ. ನುಂಗಿದ್ದು ಖರೇ ಅಂತ ನಿಮಗ ಖಾತ್ರಿ ಐತೇನು?"

ಏನು ಹೇಳುವುದು? ಇಲ್ಲವೆಂದು ಹೇಳಿ ಮನೆಗೆ ಒಯ್ದು, ಅದು ಒಳಗೇ ಇದ್ದರೆ? ಹೌದೆಂದರೆ ಅಷ್ಟು ಸಣ್ಣ ಗಂಟಲಿಗೆ ನಳಿಗೆ.

"ಬರೀರಿ," ಎಂದರು ಮನೆಯವರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಜೀಪು ಬರುವ ತನಕ ಹೊರಗಿನ ಪಡಸಾಲೆಯಲ್ಲಿ ಕುಳಿತೆವು. ಮಗು ಡಬ್ಬಿಗೆ ಕೈ ಚಾಚಿತು. ಸಣ್ಣವುಗಳನ್ನೆಲ್ಲ ಸೆರಗಿಗೆ ಕಟ್ಟಿಕೊಂಡು, ದೊಡ್ಡ ಇಟ್ಟಿಗೆಗಳನ್ನಷ್ಟೇ ಮುಂದೆ ಸುರಿದೆ. ಮಗು ಬಾಗಿಲು ಹಿಡಿದು, ಎರಡು ಕಡೆ ಗೋಡೆ ಕೂಡಿಸಿತು. ಆಮೇಲೆ ಒಂದು ಇಟ್ಟಿಗೆ ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡು, ಎದ್ದು ಹೊರಬಾಗಿಲ ಕಡೆ ನಡೆಯಿತು. ನಾನು ಹಿಡಿಯಲು ಹೋದೆ. ಮನೆಯವರು ನನ್ನ ರಟ್ಟೆ ಹಿಡಿದು ನಿಲ್ಲಿಸಿದರು.

"ತಡಿ. ಏನ್ ಮಾಡ್ತಾಳ ನೋಡೋಣು."

ಮಗು ಆಸ್ಪತ್ರೆಯ ಬಾಗಿಲಲ್ಲಿ ಕುಳಿತು ನೆಲ ತಡವಿತು. ಅಲ್ಲಿ ಹೊಸ್ತಿಲು ಎಲ್ಲಿರಬೇಕು? ನುಣ್ಣನೆಯ ಸಿಮೆಂಟಿನ ಗಿಲಾವು. ಮಗು ಆ ಕಡೆ ಈ ಕಡೆ ಸಂದಿ ಹುಡುಕಿತು. ಸಿಗದೆ ನಮ್ಮ ಕಡೆ ತಿರುಗಿ ಅಳುಮೋರೆ ಮಾಡಿತು.

ಮನೆಯವರು ರಟ್ಟೆ ಬಿಟ್ಟು ನನ್ನ ಕಡೆ ತಿರುಗಿದರು. "ಲೇ, ನಿಮ್ಮಪ್ಪನ ಮನಿ ಚೌಕಟ್ಟು ನಿಲ್ಲಿಸಿದ ದಿನ ನೆನಪೈತೇನು?"

"ಈಗ್ಯಾಕ ಅದು?"

"ಎಲ್ಲಾರೂ ಪೂಜಿ ಮಾಡಾಕತ್ತಿದ್ರು. ನೀ ನಡುವ ನುಗ್ಗಿ ನಿನ್ನ ಕಡ್ಡಿಪೆಟ್ಟಿಗಿ ಇಟ್ಟಂಗಿ ಹೊಸ್ತಿಲ ಕೆಳಗ ತುರುಕಿದ್ದಿ. ಆಟದ ಮನಿಗೆ ಅಲ್ಲ, ಖರೇ ಮನಿಗೆ. ನಿಮ್ಮವ್ವ ಬೆನ್ನಿಗೆ ಬಾರಿಸಿದ್ಲು."

ಬಾರಿಸಿದ್ದು ನೆನಪಿತ್ತು. ಯಾಕೆಂಬುದು ಮರೆತುಹೋಗಿತ್ತು. ಇಷ್ಟು ವರ್ಷ ನನಗಾಗಿ ಅದನ್ನು ಅವರು ನೆನಪಿಟ್ಟುಕೊಂಡಿದ್ದರು.

ಎದುರಿಗೇ ಎಸ್‌ಟಿಡಿ ಅಂಗಡಿ. ಮಗುವನ್ನು ಎತ್ತಿಕೊಂಡು ಅಲ್ಲಿಗೆ ಓಡಿದೆವು. ಮಸ್ಕಿಯ ಭಾಯ್ ಅಂಗಡಿಗೆ ಫೋನು ಹತ್ತುತ್ತಲೇ ಇಲ್ಲ. ಅಷ್ಟರಲ್ಲಿ ಆಸ್ಪತ್ರೆಯ ಮುಂದೆ ಜೀಪು ಬಂದು ನಿಂತು ಹಾರ್ನ್ ಹೊಡೆಯಿತು. ಕಡೆಗೆ ಹತ್ತಿತು.

"ಭಾಯ್, ನಮ್ಮ ಮನಿ ಹೊಸ್ತಿಲ ಕೆಳಗ ನೋಡ್ರಿ. ಬ್ಯಾಟರಿ ಹಾಕಿ ನೋಡ್ರಿ. ಬ್ಯಾಗ ಹೋಗ್ರಿ!"

ಆ ಕಡೆ ಫೋನು ಕೆಳಗಿಟ್ಟ ಸದ್ದು. ಮನೆಯವರು ಫೋನನ್ನು ನನ್ನ ಕಿವಿಗೂ ಸಿಗುವಂತೆ ನಡುವೆ ಹಿಡಿದರು. ಬಹಳ ಹೊತ್ತಿಗೆ ಭಾಯ್ ಏದುಸಿರು ಬಿಡುತ್ತಾ ಬಂದರು.

"ಏನೂ ಇಲ್ಲ ಮೇಸ್ತ್ರಿ. ಬರೇ ಇರುವಿ ಅದಾವ."

ನಾನು ಮಗುವನ್ನು ಎತ್ತಿಕೊಂಡು ಅಲ್ಲೇ ನೆಲದ ಮೇಲೆ ಕುಳಿತೆ. ಮನೆಯವರು ಮಾತ್ರ ಬಿಡಲಿಲ್ಲ. "ಎಡಗಡಿ ಮೂಲಿ ಭಾಯ್. ಅಲ್ಲಿ ಕಲ್ಲಿಗೂ ಕಟಗಿಗೂ ನಡುವ ಸಂದಿ ಬಿಟ್ಟೈತಿ. ನಾನಾ ಕಟ್ಟಿದ ಮನಿ, ನನಗ ಗೊತ್ತೈತಿ. ಚೀಲ ಹೊಲಿಯೋ ದಬ್ಬಣ ಐತಲ್ಲ, ಅದನ್ನ ಹಾಕಿ ಕೆದರ್ರಿ."

ಮತ್ತೆ ಫೋನು ಕೆಳಗೆ. ಮತ್ತೆ ಜೀಪಿನ ಹಾರ್ನ್. ಮಗು ನನ್ನ ತೊಡೆಯ ಮೇಲೆ ಕುಳಿತು ಕೆಮ್ಮಿತು.

ಫೋನಿನೊಳಗಿಂದ ಭಾಯ್ ಕೂಗಿದ ಕೂಗು ಎಸ್‌ಟಿಡಿ ಅಂಗಡಿಯವನಿಗೂ ಕೇಳಿಸಿತು. "ಅರೆ ಯಾ ಅಲ್ಲಾ! ಸಿಕ್ಕಿತು ಮೇಸ್ತ್ರಿ! ಕೆಂಪಂದು, ಸಣ್ಣದು! ಮ್ಯಾಲೆ ಅರಿಷಿಣನೂ ಹತ್ತೈತಿ!"

ನಾನು ನಕ್ಕೆನೋ ಅತ್ತೆನೋ, ಮಗುವಿನ ಮುಖವನ್ನೆಲ್ಲ ಒದ್ದೆ ಮಾಡಿದೆ. ಮನೆಯವರು ನಡುರಸ್ತೆಯಲ್ಲಿ ನಿಂತು ಜೀಪಿನವನಿಗೆ ಕೈಮುಗಿದು "ಬ್ಯಾಡಪಾ, ಹೋಗು, ಹೋಗು" ಎಂದರು. ಡಾಕ್ಟರು ಕೇಳಿ ಕುರ್ಚಿಗೆ ಒರಗಿ ಉದ್ದಕ್ಕೆ ಉಸಿರು ಬಿಟ್ಟರು. ನೆಗಡಿಗೆ ಔಷಧ ಬರೆದುಕೊಟ್ಟು, "ಇನ್ನ ಮ್ಯಾಲೆ ಆ ಸಣ್ಣವು ಅಟ್ಟದ ಮ್ಯಾಲೆ ಇರಲಿ ಅಜ್ಜಿ," ಎಂದರು.

ನಾವು ಮಸ್ಕಿಗೆ ಬರುವುದಕ್ಕೂ ಲಿಂಗಸುಗೂರಿನ ಬಸ್ಸು ಬರುವುದಕ್ಕೂ ಸರಿಹೋಯಿತು. ಮಗಳು ಇಳಿದು ಮನೆಯ ಬಾಗಿಲ ತನಕ ನಮ್ಮ ಹಿಂದೆಯೇ ಬಂದು, ಮಗುವನ್ನು ಕೈಗೆ ತೆಗೆದುಕೊಂಡು, ನನ್ನ ಕಣ್ಣು ನೋಡಿ "ಯಾಕಬೇ, ನೀ ಅತ್ತಿಯೇನು?" ಎಂದಳು. ನಾನು ಬಾಯಿ ಬಿಡುವ ಮೊದಲೇ ಭಾಯ್ ಅಂಗಡಿಯಿಂದ ಕೆಂಪು ಇಟ್ಟಿಗೆ ಎತ್ತಿ ಹಿಡಿದು ಎಲ್ಲವನ್ನೂ ಹೇಳಿಬಿಟ್ಟರು. ನೆಗಡಿಯ ಮಾತನ್ನು ಅವರು ಪೂರ್ತಿ ಮರೆತಿದ್ದರು. ಮಗಳು ಮಗುವನ್ನು ಅವಚಿಕೊಂಡು ಕಟ್ಟೆಯ ಮೇಲೆ ಕುಳಿತುಬಿಟ್ಟಳು.

ಬೈಗುಳ ಬರುತ್ತದೆಂದು ನಾವಿಬ್ಬರೂ ತಲೆ ತಗ್ಗಿಸಿ ನಿಂತೆವು. ಆದರೆ ಮೊದಲು ಕಿರುಚಿದ್ದು ಮಗು. ತಾನು ಇಟ್ಟ ಇಟ್ಟಿಗೆ ಭಾಯ್ ಕೈಯಲ್ಲಿರುವುದನ್ನು ನೋಡಿ, ಅವ್ವನ ತೊಡೆಯಿಂದ ಜಾರಿ, ಅದನ್ನು ಕಸಿದುಕೊಂಡು, ಹೊಸ್ತಿಲ ಮುಂದೆ ಬೋರಲು ಬಿದ್ದು ಅತ್ತಿತು. "ಅಜ್ಜಾ, ಮನಿ ಹಸದೈತಿ!"

ಅಷ್ಟು ಉದ್ದ ಮಾತು ಅದರ ಬಾಯಿಂದ ಬಂದದ್ದು ಅದೇ ಮೊದಲು. ಮಗಳು ನನ್ನನ್ನು ನೋಡಿದಳು, ನಾನು ಮನೆಯವರನ್ನು ನೋಡಿದೆ. ಅವರು ಸೋತ ಮೊಣಕಾಲೂರಿ ಮಗುವಿನ ಪಕ್ಕದಲ್ಲಿ ಕುಳಿತರು. "ಅರಿಷಿಣ ತಗೊಂಡು ಬಾರಲೇ," ಎಂದರು ನನಗೆ. ಮಗಳು ಬೈಯಲು ತೆರೆದ ಬಾಯಲ್ಲೇ ನಕ್ಕಳು. ಇಟ್ಟಿಗೆಯನ್ನು ಮತ್ತೆ ಅದೇ ಸಂದಿಯಲ್ಲಿಟ್ಟು, ಮೇಲೆ ಗಾರೆ ಮೆತ್ತಿ ಮುಚ್ಚಿದರು. ಈಗಲೂ ಅದು ಅಲ್ಲೇ ಇದೆ.

ಡಬ್ಬಿಯ ಆ ಗೂಡು ಖಾಲಿ ಉಳಿಯಿತು. ಮರುದಿನ ಮನೆಯವರು ಎಲ್ಲಿಂದಲೋ ಒಂದು ಹಿಡಿ ಕೆಂಪು ಮಣ್ಣು ತಂದರು. ನಾನು ಕೇಳದೆಯೇ ಕಡ್ಡಿಪೆಟ್ಟಿಗೆಯ ತಳ ಕಿತ್ತು, ಬೂದಿ ಉದುರಿಸಿ ಕೊಟ್ಟೆ. ಒಣಗಿದ ಮೇಲೆ ನೋಡಿದರೆ ಗೂಡಿಗೆ ಬಹಳ ದೊಡ್ಡದಾಯಿತು. ಸುತ್ತಲೂ ಉಜ್ಜಿ ಉಜ್ಜಿ ಸಣ್ಣದು ಮಾಡಿ ಕೂಡಿಸಿದರು. ಮುಚ್ಚಳ ತೆಗೆದಾಗಲೆಲ್ಲ ಅದರ ಪುಡಿ ಉದುರುತ್ತದೆ. ನಾನು ಊದಿ ಮುಚ್ಚಿಡುತ್ತೇನೆ.